ಸಾಲಿನ ಕೊನೆಯವಳು

ಬಾಲದಕ್ಕ ಅನ್ನುವುದು ಅವಳಿಗೆ ಯಾರೋ ಆಡಿಕೊಂಡು ಇಟ್ಟ ಹೆಸರಲ್ಲ. ಅದು ಅವಳ ಪದವಿ. ಊರಿನ ಹೆಂಗಸರ ಗುಂಪೊಂದು ಪ್ರತಿ ಭಾನುವಾರ ಬೆಟ್ಟ ಹತ್ತುತ್ತಿತ್ತು. ಆ ಗುಂಪಿಗೆ ಒಂದು ಕಟ್ಟಳೆ ಇತ್ತು: ಎಲ್ಲರಿಗಿಂತ ನಿಧಾನ ನಡೆಯುವವಳು ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಗಟ್ಟಿಗಿತ್ತಿ ಎಲ್ಲರಿಗಿಂತ ಹಿಂದೆ. ಮುಂದಿನವಳ ಹೆಜ್ಜೆಗೇ ಉಳಿದವರೂ ಹೆಜ್ಜೆ ಹಾಕಿದರೆ ಯಾರೂ ಹಿಂದೆ ಬೀಳುವುದಿಲ್ಲ. ಹಿಂದಿನವಳೇ ಬಾಲ. ಕಾಲು ಉಳುಕಿದವಳನ್ನು ಎತ್ತುವುದು, ಏದುಸಿರು ಬಿಡುವವಳ ಚೀಲ ಹೊರುವುದು, ಬೇಕಾದರೆ ‘ನಿಲ್ಲಿ’ ಅಂತ ಕೂಗಿ ಇಡೀ ಸಾಲನ್ನೇ ನಿಲ್ಲಿಸುವುದು ಅವಳ ಕೆಲಸ. ದಾರಿ ಕವಲೊಡೆಯುವ ಕಡೆಯಲ್ಲೆಲ್ಲ ಸಾಲು ನಿಂತು ಕಾಯಬೇಕು. ಹಿಂದಿನಿಂದ ‘ಬಾಲ ಬಂತು’ ಅಂತ ಕೂಗು ಕೇಳಿದ ಮೇಲೆಯೇ ಮುಂದಿನ ಹೆಜ್ಜೆ.

ಆ ಕೂಗು ಅದೆಷ್ಟೋ ವರ್ಷಗಳಿಂದ ಅವಳದೇ. ಕಂಚಿನ ಕಂಠ, ಬೆಟ್ಟದ ಆ ಮಗ್ಗುಲಿಗೂ ಕೇಳಿಸಬೇಕು.

ಕಾಲುಗಳೂ ಹಾಗೇ ಇದ್ದವು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆಕೋಣೆಯಲ್ಲಿ ಅವಳ ನೌಕರಿ. ಲಿಫ್ಟು ರೋಗಿಗಳಿಗೆ, ಹಾಸಿಗೆ ಬಟ್ಟೆಯ ಗಂಟುಗಳಿಗೆ ಮೆಟ್ಟಿಲು. ಹೆಗಲ ಮೇಲೆ ಗಂಟು ಹೊತ್ತು ಮಹಡಿಯಿಂದ ಮಹಡಿಗೆ ಹತ್ತಿ ಇಳಿದು, ನಿವೃತ್ತಿಯ ದಿನ ಕೂಡ ಅವಳು ಮೆಟ್ಟಿಲಲ್ಲಿ ಡಾಕ್ಟರುಗಳನ್ನು ಹಿಂದೆ ಹಾಕಿದ್ದಳು. ದೇವರು ಕೆಲವರಿಗೆ ಚೆಂದ ಕೊಡುತ್ತಾನೆ, ಕೆಲವರಿಗೆ ಬುದ್ಧಿ ಕೊಡುತ್ತಾನೆ. ಇವಳಿಗೆ ಕಾಲು ಕೊಟ್ಟಿದ್ದ. ಜೊತೆಗೆ ಒಂದು ನಾಲಿಗೆಯನ್ನೂ ಕೊಟ್ಟಿದ್ದ, ಅದನ್ನು ಕೊಡದೆ ಇದ್ದಿದ್ದರೆ ಚೆನ್ನಾಗಿತ್ತು.

ಆ ನಾಲಿಗೆ ಹೆಚ್ಚು ಹರಿಯುತ್ತಿದ್ದದ್ದು ಒಡಹುಟ್ಟಿದ ತಂಗಿಯ ಮೇಲೆ. ತಂಗಿ ಶಾಲೆಯ ಎದುರು ಪೆನ್ನು, ಪುಸ್ತಕದ ಅಂಗಡಿ ಇಟ್ಟುಕೊಂಡಿದ್ದಳು. ದಿನವಿಡೀ ಸ್ಟೂಲಿನ ಮೇಲೆ ಕೂತು ಮೈ ಬಂದಿತ್ತು, ನಾಲ್ಕು ಹೆಜ್ಜೆಗೇ ಮೇಲುಸಿರು. ಕಟ್ಟಳೆಯಂತೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅವಳೇ. ಬಾಲದಕ್ಕ ಹಿಂದಿನಿಂದಲೇ ಶುರು ಮಾಡುತ್ತಿದ್ದಳು.

“ಮಹಾರಾಣಿಯವರು ದಯಮಾಡಿಸಲಿ. ಹುಷಾರು, ಇರುವೆಗಳು ನಿನ್ನನ್ನ ದಾಟ್ಕೊಂಡು ಹೋಗ್ತಾ ಇವೆ.”

ಎಲ್ಲರೂ ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು. ತಂಗಿ ಎಂದಾದರೂ ‘ಈ ಕಡೆ ಕಲ್ಲು ಜಾಸ್ತಿ’ ಅಂದರೆ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಅಂತ ಹಿಂದಿನಿಂದ ಉತ್ತರ ಬರುತ್ತಿತ್ತು. ಹೊಸದಾಗಿ ಗುಂಪಿಗೆ ಸೇರಿದವರಿಗೆ ಮೊದಲು ಗೊತ್ತಾಗುತ್ತಿದ್ದದ್ದು ಇಷ್ಟು: ಏನಾದರೂ ಆಗಲಿ, ಮುಂದಿನ ಜಾಗಕ್ಕೆ ಮಾತ್ರ ಬೀಳಬಾರದು. ಅದನ್ನು ಅವಮಾನದ ಜಾಗ ಮಾಡಿದವಳು ಬಾಲದಕ್ಕನೇ. ಕಟ್ಟಳೆ ಮಾಡಿದವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ.

ಅರವತ್ತು ದಾಟಿದ ಮೇಲೆ ಬಲ ಮೊಣಕಾಲು ನೋಯತೊಡಗಿತು. ಹತ್ತುವಾಗ ಏನಿಲ್ಲ, ಇಳಿಯುವಾಗ ಒಳಗೆ ಏನೋ ಹಿಡಿದು ಬಿಟ್ಟ ಹಾಗೆ. ಅವಳು ಯಾರಿಗೂ ಹೇಳಲಿಲ್ಲ. ಆದರೆ ಗಂಡನ ಕಣ್ಣಿಗೆ ಬಿತ್ತು. ಅವನು ಗಡಿಯಾರ ರಿಪೇರಿಯವನು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಲ್ಲೇ ಜೀವನ ಕಳೆದವನು.

“ಎಷ್ಟೇ ಒಳ್ಳೆ ಗಡಿಯಾರ ಆದ್ರೂ ಒಳಗಿನ ಹಲ್ಲು ಸವೆಯುತ್ತೆ ಕಣೇ. ಬಿಚ್ಚಿ ನೋಡಿದೋರಿಗೆ ಗೊತ್ತು.”

“ನಿಮ್ಮ ಹಾಗೆ ಕೂತ್ರೆ ತುಕ್ಕು ಹಿಡಿಯುತ್ತೆ. ಸವೆಯೋದೇ ವಾಸಿ ಬಿಡಿ.”

ಅದೇ ಹೊತ್ತಿಗೆ ತಂಗಿಗೆ ಸೊಂಟ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳಿದ್ದಾಳೆ ಅಂತ ಹೊರಟವಳು ಅಕ್ಕನನ್ನೂ ಎಳೆದುಕೊಂಡು ಹೋದಳು. ಹುಡುಗಿ ಇಬ್ಬರನ್ನೂ ನಡೆಸಿ ನೋಡಿದಳು. ಅಕ್ಕನ ಮೊಣಕಾಲನ್ನು ಒತ್ತಿ, ಮಡಿಸಿ, ಹೇಳಿದಳು:

“ಅಮ್ಮಾ, ತೊಡೆಯ ಬಲ ಕಮ್ಮಿಯಾಗಿದೆ. ವಯಸ್ಸಿಗೆ ಅದು ಸಹಜ, ಮತ್ತೆ ಬಲ ಬರಿಸಬಹುದು. ಕುರ್ಚಿಯಿಂದ ಕೈ ಊರದೆ ಕೂತು ಎದ್ದು ಮಾಡಿ. ಒಂಟಿ ಕಾಲಲ್ಲಿ ನಿಲ್ಲೋದನ್ನ ಅಭ್ಯಾಸ ಮಾಡ್ಕೊಳ್ಳಿ. ಸ್ವಲ್ಪ ದಿನ ಬೆಟ್ಟ ಬಿಡಿ. ಆಮೇಲೆ ಇಳಿಯುವಾಗ ಎರಡು ಕೋಲು ಹಿಡ್ಕೊಂಡು ನಿಧಾನಕ್ಕೆ ಇಳೀರಿ. ಹೀಗೆ ಮಾಡಿದ್ರೆ ಇನ್ನೂ ಎಷ್ಟೋ ವರ್ಷ ನಡೀತೀರಿ.”

ಕೋಲು, ಅದೂ ಎರಡು. ಹೊರಗೆ ಬಂದ ಕೂಡಲೇ ಬಾಲದಕ್ಕ ಉರಿದುಬಿದ್ದಳು.

“ಕುರ್ಚೀಲಿ ಕೂತು ಏಳೋದು ವ್ಯಾಯಾಮ ಅನ್ನೋದಾದ್ರೆ ನಿಮ್ಮ ಭಾವ ಇಷ್ಟೊತ್ತಿಗೆ ಪೈಲ್ವಾನ್ ಆಗಿರ್ಬೇಕಿತ್ತು. ಬೆಟ್ಟ ಹತ್ತೋದಕ್ಕಿಂತ ವ್ಯಾಯಾಮ ಬೇಕಾ?”

ತಂಗಿ ವಾದ ಮಾಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಸ್ಟೂಲಿನಿಂದ ಎದ್ದು ಕೂತು, ಎದ್ದು ಕೂತು ಮಾಡಿದಳು. ಕಪಾಟು ಹಿಡಿದುಕೊಂಡು ಒಂಟಿ ಕಾಲಲ್ಲಿ ನಿಂತಳು. ಅಕ್ಕ ಅದನ್ನು ನೋಡಿ, “ಕೊಕ್ಕರೆ ಅಂಗಡಿ” ಅಂತ ಹೆಸರಿಟ್ಟಳು. ತಾನು ಮಾತ್ರ ಹಟಕ್ಕೆ ಬಿದ್ದವಳಂತೆ ಬೆಳಗಾಗುವ ಮೊದಲೇ ಚೀಲದಲ್ಲಿ ಹಳೆಯ ಇಸ್ತ್ರಿಪೆಟ್ಟಿಗೆ ಹಾಕಿಕೊಂಡು ತಮ್ಮ ಕಟ್ಟಡದ ಮೆಟ್ಟಿಲನ್ನು ಹತ್ತಿ ಇಳಿಯತೊಡಗಿದಳು. ಮೊಣಕಾಲು ಊದಿಕೊಂಡಿತು. ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಮತ್ತೆ ಹತ್ತಿದಳು. ಬುದ್ಧಿ ಹೇಳುವವರಿಗೇನು, ಹೇಳುತ್ತಲೇ ಇದ್ದರು. ಅವಳಿಗೆ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ವರ್ಷ ಕಳೆಯುವಷ್ಟರಲ್ಲಿ ತಂಗಿಯ ಮೇಲುಸಿರು ನಿಂತಿತ್ತು. ಸಾಲಿನ ಮುಂದಿನಿಂದ ನಡುವಿಗೆ, ನಡುವಿನಿಂದ ಹಿಂದಕ್ಕೆ ಬಂದಳು. ಯಾರೂ ಹೇಳಿ ಕಳಿಸಿದ್ದಲ್ಲ, ಕಾಲೇ ತಂದು ನಿಲ್ಲಿಸಿತು. ಈಗ ಬಾಲದಕ್ಕನ ಎದುರಿಗೇ ಅವಳ ಬೆನ್ನು. ಆ ಬೆನ್ನನ್ನು ನೋಡುತ್ತ ನಡೆಯುವಾಗ ಬಾಲದಕ್ಕನಿಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತಿತ್ತು. ಸ್ವಂತ ತಂಗಿ ಗಟ್ಟಿಯಾದಳೆಂದು ಸಂತೋಷಪಡಬೇಕಾದವಳು ಅವಳು ಎಡವುವುದನ್ನೇ ಕಾಯುತ್ತಿದ್ದಳು.

ಗುಂಪಿಗೆಲ್ಲ ಹಿರಿಯಳೆಂದರೆ ಒಬ್ಬ ನರ್ಸಮ್ಮ. ಒಂದು ದಿನ ಅವಳು ಮೆಲ್ಲಗೆ ಹೇಳಿದಳು: “ಮುಂದಿನ ವಾರ ಬೆಟ್ಟದ ಹಿಂದಿನ ದಾರಿ ಹಿಡಿಯೋಣ. ಇಳಿಜಾರು ಜಾಸ್ತಿ. ಹಿಂದೆ ನಿನ್ನ ಜೊತೆ ನಿನ್ನ ತಂಗೀನೂ ಇರ್ಲಿ.”

“ಒಂದು ಹಸುಗೆ ಎರಡು ಬಾಲ ಎಲ್ಲಾದ್ರೂ ಕಂಡಿದ್ದೀರಾ?”

ಎಲ್ಲರೂ ನಕ್ಕರು, ಮಾತು ಅಲ್ಲಿಗೆ ನಿಂತಿತು. ಆದರೆ ಬಾಲದಕ್ಕನಿಗೆ ಅರ್ಥವಾಗಿತ್ತು. ಆ ಒಂದು ದಾರಿಯನ್ನು ಕುಂಟದೆ ಇಳಿದರೆ ಜಾಗ ಉಳಿಯುತ್ತದೆ. ಇಲ್ಲದಿದ್ದರೆ ಹಿಂದಿನ ಜಾಗ ತಂಗಿಗೆ, ತಾನು ಮುಂದೆ. ಆ ಯೋಚನೆಗೇ ಅವಳಿಗೆ ಅನ್ನ ಸೇರಲಿಲ್ಲ.

ಆ ಭಾನುವಾರ ನೋವಿನ ಮಾತ್ರೆ ನುಂಗಿ ಹೋದಳು. ಹತ್ತುವುದು ಸಲೀಸಾಗಿ ಆಯಿತು. ಇಳಿಯುವಾಗ ಮಾತ್ರೆಯ ಬಲ ಇಳಿಯಿತು. ಒಂದೊಂದು ಕಲ್ಲಿಗೂ ಹಲ್ಲು ಕಚ್ಚಿ ಕಾಲಿಡುತ್ತಿದ್ದಳು. ತಂಗಿ ಮತ್ತೆ ಮತ್ತೆ ಹಿಂದಿರುಗಿ ನೋಡಿದಳು.

“ನನ್ನ ಮುಖದಲ್ಲೇನು ಕೋತಿ ಕುಣೀತಾ ಇದೆಯಾ? ದಾರಿ ನೋಡ್ಕೊಂಡು ನಡಿ.”

ತಂಗಿಯ ಮುಖ ಸಪ್ಪಗಾಯಿತು. ಆಮೇಲೆ ಅವಳು ತಿರುಗಲಿಲ್ಲ. ಸಾಲು ಬಂಡೆಯ ತಿರುವು ದಾಟಿ ಕಣ್ಮರೆಯಾಯಿತು. ಕೆಳಗೆ ಕೊನೆಯ ಕವಲಿನಲ್ಲಿ ಎಲ್ಲರೂ ನಿಂತು ಕಾಯುತ್ತಿರುವುದು ಅವರ ಮಾತಿನ ಸದ್ದಿನಿಂದ ತಿಳಿಯುತ್ತಿತ್ತು. ಇವಳು ಇನ್ನೂ ತುಂಬ ಮೇಲಿದ್ದಳು. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ತಾನು ಕುಂಟುವುದನ್ನು ಎಲ್ಲರೂ ನೋಡುತ್ತಾರೆ, ನರ್ಸಮ್ಮನ ಬಾಯಲ್ಲಿ ಆ ಮಾತು ಬಂದೇ ಬರುತ್ತದೆ. ಬಾಲದಕ್ಕ ಬಂಡೆಗೆ ಒರಗಿ, ಕಂಚಿನ ಕಂಠವನ್ನೆಲ್ಲ ಒಟ್ಟುಮಾಡಿ ಕೂಗಿದಳು:

“ಬಾಲ ಬಂತು!”

ಕೆಳಗಿನ ಮಾತು ಕರಗಿತು. ಸಾಲು ನಡೆಯಿತು. ಅಷ್ಟು ವರ್ಷಗಳಲ್ಲಿ ಆ ಕೂಗನ್ನು ಯಾರೂ ಸುಳ್ಳಾಗಿ ಕೂಗಿರಲಿಲ್ಲ, ಹಾಗಾಗಿ ಯಾರೂ ತಿರುಗಿ ನೋಡಲೂ ಇಲ್ಲ.

ಇನ್ನು ಸ್ವಲ್ಪ ಕೂತು, ಆಮೇಲೆ ಬೇಗ ಇಳಿದು ಅವರನ್ನು ಸೇರಿಕೊಳ್ಳುತ್ತೇನೆ ಅಂದುಕೊಂಡಿದ್ದಳು. ಎದ್ದು ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಮೊಣಕಾಲು ಸಿಕ್ಕಿಕೊಂಡಿತು. ಜಾರಿ ಕೂತವಳಿಗೆ ಏಳಲಾಗಲಿಲ್ಲ. ‘ನಿಲ್ಲಿ’ ಅಂತ ಕೂಗಬಹುದಿತ್ತು, ಇನ್ನೂ ಕೇಳಿಸುವಷ್ಟೇ ದೂರ. ಯಾರಿಗೆ ಏನಾಯಿತು ಅಂತ ಕೇಳಿದರೆ ಏನು ಹೇಳುವುದು? ಎಷ್ಟು ಹೆಂಗಸರಿಗಾಗಿ ಆ ಮಾತು ಕೂಗಿದ್ದಳು, ಕೂಗುವಾಗ ಒಳಗೊಳಗೇ ಎಷ್ಟು ಹಿಗ್ಗಿದ್ದಳು. ಬಿಸಿಲು ಇಳಿದು ಮೈ ಚಳಿಗೆ ನಡುಗತೊಡಗಿದಾಗ ಕೂಗಿದಳು. ಆಗ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಹೊತ್ತು ಮುಳುಗುವ ಸಮಯಕ್ಕೆ ತಂಗಿ ಒಬ್ಬಳೇ ಹತ್ತಿ ಬಂದಳು. ಕೆಳಗೆ ಊರಿಗೆ ಹೋಗುವ ಬಸ್ಸಿನ ಹತ್ತಿರ ತಲೆ ಎಣಿಸಿದಾಗಲೇ ಅವರಿಗೆ ಗೊತ್ತಾದದ್ದು. ಉಳಿದವರು ಹಿಂದೆ ಬರುತ್ತಿದ್ದರು, ಇವಳು ಓಡೋಡಿ ಮುಂದೆ ಬಂದಿದ್ದಳು.

“ಬಾಲ ಬಂತು ಅಂತ ಕೂಗಿದ್ದು ಯಾರಕ್ಕ?”

“ನಾನೇ.”

ತಂಗಿ ಬಗ್ಗಿ ಅವಳ ಕೈಯನ್ನು ತನ್ನ ಕುತ್ತಿಗೆಗೆ ಸುತ್ತಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೆಗಲು ಕೊಟ್ಟು ಎಬ್ಬಿಸಿದಳು. ಆ ಹೆಗಲು, ಆ ತೊಡೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಅಕ್ಕನ ಅರ್ಧ ಭಾರವನ್ನು ಹೊತ್ತು, ಒಂದು ಸಲವೂ ನಿಲ್ಲದೆ ಅವಳು ಕೆಳಗಿಳಿದಳು.

ಮನೆಯಲ್ಲಿ ಗಂಡ ನೋಡಿ, “ನಿನಗೆ ಮೀಸೆ ಇಲ್ಲ, ಇದ್ದಿದ್ರೆ ಮಣ್ಣಾಗಿಲ್ಲ ಅಂತಿದ್ದೆ ನೀನು,” ಅಂದ. ಅಂದವನೇ ಒಳಗೆ ಹೋಗಿ ಬಿಸಿನೀರು ಕಾಯಿಸಿದ.

ಮುರಿದದ್ದೇನೂ ಇರಲಿಲ್ಲ. ಕೆಲವು ವಾರ ಬಿಟ್ಟು ನಡೆಯಬಹುದು, ಬೆಟ್ಟವನ್ನೂ ಹತ್ತಬಹುದು, ನಿಧಾನಕ್ಕೆ ಅಂದರು ಡಾಕ್ಟರು. ಗುಂಪಿನವರು ಹಣ್ಣು ಹಿಡಿದು ನೋಡಲು ಬಂದರು. ಆ ಸುಳ್ಳು ಕೂಗಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ನರ್ಸಮ್ಮ ಅವಳ ಕೈ ಹಿಡಿದು ಹೇಳಿದಳು: “ಬೆಟ್ಟ ಎಲ್ಲೂ ಓಡಿಹೋಗಲ್ಲ. ವಾಸಿಯಾದ ಮೇಲೆ ಬಾ. ನೀನು ಮುಂದೆ ನಡಿ, ನಿನ್ನ ಹೆಜ್ಜೆಗೆ ನಾವು ಬರ್ತೀವಿ.” ಅಷ್ಟು ಪ್ರೀತಿಯಿಂದ ಹೇಳಿದ ಮಾತು ಅವಳ ಎದೆಗೆ ಚೂರಿಯಂತೆ ನಾಟಿತು.

ಕಾಲು ವಾಸಿಯಾದ ಮೇಲೆ ಮೊದಲ ಭಾನುವಾರ ತಂಗಿ ಬಾಗಿಲಿಗೆ ಬಂದು ನಿಂತಳು. ಕಾಲಲ್ಲಿ ಬೂಟು, ಕೈಯಲ್ಲಿ ಹೊಸ ಕೋಲುಗಳು.

“ಹೊರಡು ಅಕ್ಕ. ಎಲ್ಲರೂ ಕಾಯ್ತಾ ಇದಾರೆ.”

ಬಾಲದಕ್ಕ ಕೋಲುಗಳನ್ನು ಮುಟ್ಟಲಿಲ್ಲ. “ಒಂದು ಮಾತು ಕೇಳ್ತೀನಿ. ಅಷ್ಟು ವರ್ಷ ಮುಂದೆ ನಡೆದ್ಯಲ್ಲ, ನಿನಗೆ ಅವಮಾನ ಆಗ್ತಿತ್ತಾ?”

“ಆಗ್ತಿತ್ತು.”

“ನಗ್ತಾ ಇದ್ದೆ ನೀನು.”

“ಇನ್ನೇನು ಮಾಡ್ಬೇಕಿತ್ತು? ಎಲ್ಲರ ಮುಂದೆ ಅಳ್ಬೇಕಿತ್ತಾ? ಶನಿವಾರ ಬಂತು ಅಂದ್ರೆ ನಾಳೆ ಅಕ್ಕ ಏನಂತಾಳೋ ಅಂತ ಬೂಟು ಬಚ್ಚಿಟ್ಟುಬಿಡೋಣ ಅನ್ನಿಸ್ತಿತ್ತು.”

“ಮತ್ತೆ ಯಾಕೆ ಬರ್ತಿದ್ದೆ?”

ತಂಗಿ ಅವಳನ್ನು ವಿಚಿತ್ರವಾಗಿ ನೋಡಿದಳು. “ಬೆಟ್ಟ ಹತ್ತೋದು ಇಷ್ಟ ಇತ್ತು, ಅದಕ್ಕೆ. ನಿನಗೆ ಇಷ್ಟ ಇರ್ಲಿಲ್ವಾ?”

ಬಾಲದಕ್ಕ ಬೆಟ್ಟದ ಮೇಲೆ ಏನೇನಿತ್ತು ಅಂತ ನೆನೆಸಿಕೊಳ್ಳಲು ನೋಡಿದಳು. ಮುಂದೆ ಸಾಗುವ ಬೆನ್ನುಗಳಷ್ಟೇ ನೆನಪಾದವು.

“ಮುಂದಿನ ವಾರ ನೋಡೋಣ,” ಅಂದಳು.

ತಂಗಿ ಕೋಲುಗಳನ್ನು ಬಾಗಿಲ ಮೂಲೆಗೆ ಒರಗಿಸಿ, ತಡವಾಯಿತೆಂದು ಹೊರಟಳು. ಮುಂದಿನ ವಾರವೂ ಬಂದಳು, ಅದರ ಮುಂದಿನ ವಾರವೂ ಬಂದಳು. ಆಮೇಲೆ ಬರುವುದನ್ನು ಬಿಟ್ಟಳು.