ಮಿಷನ್ ಹೇಳಲಿ ಎನ್ನುತ್ತಿದ್ದ ಡಾಕ್ಟರು

ತಿಪಟೂರಿನ ಆ ಡಾಕ್ಟರಿಗೆ ರೋಗಿಯ ಮುಖಕ್ಕಿಂತ, ಎದೆಬಡಿತವನ್ನು ಕಾಗದದ ಮೇಲೆ ಗೀಚುವ ಇ.ಸಿ.ಜಿ. ಮಿಷನ್ನಿನ ಮೇಲೇ ಪ್ರೀತಿ. ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ತಾವೇ ಧೂಳು ಒರೆಸುತ್ತಿದ್ದರು. ಏನು ಕೇಳಿದರೂ ಒಂದೇ ಮಾತು: “ಮಿಷನ್ ಹೇಳ್ಲಿ, ತಡೀರಿ.”

ನಮ್ಮ ಯಜಮಾನರು ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದಾಗ, ನಮ್ಮ ಕಡೆಯ ರೂಢಿಯಂತೆ ಕೊಬ್ಬರಿ ಎಣ್ಣೆ ತಿಕ್ಕಿಯೇ ಬಸ್ಸು ಹತ್ತಿಸಿದೆವು. ಡಾಕ್ಟರು ಎದೆಗೆ ಕಚ್ಚಿಸಿದ ಮಿಷನ್ನಿನ ರಬ್ಬರಿನ ಬಟ್ಟಲುಗಳೆಲ್ಲ ಜಾರಿ ಬಿದ್ದವು.

“ಎಣ್ಣೆ ಯಾಕ್ರೀ ಬಳುದ್ರಿ? ಸೋಪಾಕಿ ತೊಳ್ಕೊಂಡ್ ಬರ್ಲಿ.”

“ಬೆವ್ತು ನೀರಾಗವ್ರೆ, ಮೊದ್ಲು ಇಂಜಕ್ಷನ್ ಚುಚ್ಚಿ ಸ್ವಾಮಿ!”

“ಮಿಷನ್ ಹೇಳ್ಲಿ, ತಡೀರಿ.”

ಸಾಯುವ ಹಾಗಿದ್ದವರನ್ನು ನಲ್ಲಿಯ ತನಕ ನಡೆಸಿ ತೊಳೆಸಿದರು. ಆಮೇಲೆ ಕಾಗದದ ಮೇಲೆ ಗೀಟು ಬಂತು. “ನೋಡ್ರೀ, ಹಾರ್ಟ್ ಅಟ್ಯಾಕೇ!” ಎಂದು, ಮನೆಯಲ್ಲಿ ಗಂಡು ಹುಟ್ಟಿತೇನೋ ಎಂಬಂತೆ ಹಿಗ್ಗಿ, ಆಗ ಇಂಜಕ್ಷನ್ ಕೊಟ್ಟರು.

ಯಜಮಾನರದು ಗಟ್ಟಿ ಜೀವ, ಉಳಿದರು. ಮುಂದಿನ ವರ್ಷ ಕೆಮ್ಮೆಂದು ನಾವಿಬ್ಬರೂ ಹೋದರೆ, ಅದೇ ಗೀಟಿನ ಕಾಗದ ಗಾಜಿನ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಡಾಕ್ಟರು ಅದನ್ನು ತೋರಿಸಿ ನಮ್ಮ ಯಜಮಾನರಿಗೇ ಹೇಳಿದರು: “ಇವ್ನು ಬದುಕಿದ್ದೇ ನನ್ ಮಿಷನ್ನಿಂದ ಕಣಯ್ಯಾ. ಯಾವನೋ ಪಾಪ, ಹಳ್ಳಿಯವ್ನು.”