ನಾಲ್ಕು ಗಾಲಿಗೆ ಹುಣಸೆಹಣ್ಣು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಈ ಜಗಳಕ್ಕೆ ಕಡ್ಡಿ ಗೀರಿದವನು ನಾನೇ. ಹೋದ ವರ್ಷದ ಕಬ್ಬಿನ ಹಂಗಾಮು. ಬೈಲಹೊಂಗಲದ ಸವದತ್ತಿ ರಸ್ತೆಯಲ್ಲಿರುವ ಕಾರು ಪಾಲಿಶ್ ಅಂಗಡಿಯಲ್ಲಿ ನಾನು ‘ಡಿಟೇಲರ್’ ಆಗಿದ್ದೆ. ಅಂದರೆ ಬೇರೆಯವರ ಕಾರಿನ ಕೆಸರು ತೆಗೆಯುವವನು. ಇಂಗ್ಲಿಷಿನಲ್ಲಿ ಹೇಳಿದರೆ ಹೆಣ್ಣು ಕೊಡುವವರು ಒಂದು ಕ್ಷಣವಾದರೂ ಯೋಚಿಸುತ್ತಾರೆ ಎಂಬ ಆಸೆ.

ಪಾಲಿಶ್‌ಗಿಂತ ನನಗೆ ಚೆನ್ನಾಗಿ ಬರುವ ವಿದ್ಯೆ ಇನ್ನೊಬ್ಬರ ದನಿ ತೆಗೆಯುವುದು. ಅಂಗಡಿಯ ಮಾಲೀಕ ಬಸಣ್ಣ ಕಾಕಾನದು ಚಳಿಯಲ್ಲಿ ಚಾಲೂ ಆಗದ ಟ್ರ್ಯಾಕ್ಟರಿನ ದನಿ. ಮೂಗಿನಲ್ಲಿ ಗುರುಗುಟ್ಟಿ ಎದೆಯಲ್ಲಿ ಹೊತ್ತಿಕೊಳ್ಳುತ್ತದೆ. ಒಂದು ದಿನ ಆತ ಚಹಾಕ್ಕೆ ಹೋದಾಗ ಅಂಗಡಿಯ ಫೋನ್ ಬಡಿದುಕೊಂಡಿತು. ಸುರೇಬಾನದ ಗೌಡರ ಹೆಂಡತಿ ಪಾರಕ್ಕ. “ಬಸಣ್ಣಾರ, ಗಾಲಿ ಮ್ಯಾಲ ಕೆಂಪನ್ನ ಚುಕ್ಕಿ ಬಿದ್ದಾವ್ರಿ. ಏನ್ ಹಚ್ಚಬೇಕು?” ಎಂದರು.

ನಾನು ಕಾಕಾನ ದನಿಯಲ್ಲೇ ಹೇಳಿದೆ: “ತಾಮ್ರದ ಕೊಡಾ ಹೆಂಗ ತಿಕ್ಕತೀರಿ, ಹಂಗ ಹುಣಸಿಹಣ್ಣು ಉಪ್ಪು ಹಚ್ಚಿ ತಿಕ್ರಿ ಅಕ್ಕಾರ.”

ನಗುತ್ತಾರೆ, ಆಮೇಲೆ ಸರಿಯಾದದ್ದನ್ನು ಹೇಳೋಣ ಎಂದುಕೊಂಡಿದ್ದೆ. ಅವರು, “ಛಲೋ ಆತ್ರಿ” ಎಂದು ಫೋನ್ ಇಟ್ಟೇಬಿಟ್ಟರು. ತಿರುಗಿ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅವತ್ತೆಲ್ಲ ಆ ಮಾತನ್ನು ನೆನೆದು ಒಬ್ಬನೇ ನಕ್ಕೆ.

ವಾರದೊಳಗೆ ಗೌಡರ ಕಾರು ಅಂಗಡಿಯೊಳಗೆ ನುಗ್ಗಿತು. ಕೊಲ್ಹಾಪುರದಿಂದ ತರಿಸಿ ಹಾಕಿಸಿದ್ದ ಕ್ರೋಮ್ ಗಾಲಿಗಳು. ಆ ಗಾಲಿಗಳ ಮೇಲೆ ಗೌಡರಿಗೆ ಎಷ್ಟು ಪ್ರೀತಿಯೆಂದರೆ ಎದುರಿಗೆ ಸಿಕ್ಕವರ ಮುಖಕ್ಕಿಂತ ಮೊದಲು ಅವುಗಳಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಪಾರಕ್ಕ ಕಾರಿನಲ್ಲೇ ಕುಳಿತಿದ್ದರು. ಗೌಡರು ಇಳಿದವರೇ ಗರ್ಜಿಸಿದರು:

“ಬಸಣ್ಣಾ, ನನ್ನ ಗಾಲಿ ಏನ್ ಸಾರಿನ ಪಾತೇಲಿ ಅಂತ ತಿಳದೀ ಏನು? ಹುಣಸಿಹಣ್ಣ ಹಚ್ಚಂತ ಹೇಳೀಯಂತ! ಎಲ್ಲಾ ತೂತ ಬಿದ್ದಾವ ನೋಡು!”

“ನಾ ಯಾವಾಗ ಹೇಳೇನ್ರಿ?” ಎಂದ ಕಾಕಾ, ಮಾತು ಮುಗಿಯುವ ಮೊದಲೇ ನನ್ನ ಕಡೆ ಹೊರಳಿದ.

“ನಾನೇ ಹೇಳೇನ್ರಿ ಗೌಡ್ರ” ಎಂದೆ. ಹೆದರಿಕೆಗೆ ಆ ಮಾತೂ ಕಾಕಾನ ದನಿಯಲ್ಲೇ ಹೊರಬಂತು. ಬೇಕೆಂದು ಮಾಡಿದ್ದಲ್ಲ. ಗೌಡರಿಗೆ ಅದು ತಿಳಿಯುವುದು ಹೇಗೆ?

“ನನ್ನ ಮುಂದ ಚ್ಯಾಷ್ಟಿ ಮಾಡತಿ ಏನಲೇ, ಮಂಗ್ಯಾ?” ಎಂದು ಮೈಮೇಲೆ ಬಂದರು. “ಯರಗಟ್ಟಿ, ರಾಮದುರ್ಗ, ಕಿತ್ತೂರ, ಒಂದ ಊರಾಗೂ ನಿನಗ ಗಿರಾಕಿ ಉಳೀದಂಗ ಮಾಡತೇನಿ, ಬಸಣ್ಣಾ!”

ಕಾಕಾ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಗೌಡ್ರು ಈ ತೂತ ನನ್ನ ಹೆಸರಿಗೆ ಕಟ್ಟಿ ಹ್ವಾದ್ರ, ಅವರ ಬೆನ್ನಿಗೇ ನೀನೂ ಹೋಗು. ಹೊಳ್ಳಿ ಬರಬ್ಯಾಡ.” ಒದರಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ನಾವಿಬ್ಬರೂ ಗಾಲಿಗಳ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಇಲ್ಲಿ ಸ್ವಲ್ಪ ವಿವರ ಬೇಕು. ಕ್ರೋಮ್ ಎಂದರೆ ನಿಕಲ್ ಪದರದ ಮೇಲೆ ಹಾಕಿದ ಬಲು ತೆಳುವಾದ ಲೇಪನ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಉಪ್ಪಿನಂಶವೂ ತೇವವೂ ಆ ಬಿರುಕಿನಿಂದ ಇಳಿದು ಕೆಳಗಿನ ಲೋಹವನ್ನು ತಿನ್ನುತ್ತವೆ. ಮೇಲೆ ಹಪ್ಪಳದಂತೆ ಗುಳ್ಳೆ ಎದ್ದು, ಒಡೆದು, ಕುಳಿ ಬೀಳುತ್ತದೆ. ಇದೇ ಪಿಟಿಂಗ್. ಮೇಲಿನ ಕಲೆಯಾದರೆ ಪಾಲಿಶ್‌ಗೆ ಹೋಗುತ್ತದೆ. ಕುಳಿ ಬಿದ್ದರೆ ಲೇಪನವನ್ನೆಲ್ಲ ಕಿತ್ತು ಹೊಸದಾಗಿ ಹಾಕಿಸಬೇಕು.

ಎಡಗಡೆಯ ಎರಡೂ ಗಾಲಿಗಳಿಗೆ ಸಿಡುಬು ಎದ್ದಂತಾಗಿತ್ತು. ನಾನು ಉಗುರಿನಿಂದ ಕೆರೆದರೆ ಕ್ರೋಮ್ ಸಿಪ್ಪೆಯಾಗಿ ಎದ್ದುಬಂತು. ಬಲಗಡೆ ಹೋಗಿ ನೋಡಿದೆ: ಮೇಲೊಂದಿಷ್ಟು ಮಬ್ಬು, ಅಷ್ಟೇ. ಬಟ್ಟೆಯಿಂದ ಒರೆಸಿದ ಕೂಡಲೇ ನನ್ನ ಪೆಚ್ಚು ಮೋರೆ ಸ್ವಚ್ಛವಾಗಿ ಕಾಣಿಸಿತು.

“ಕಾರ ಎಲ್ಲಿ ನಿಲ್ಲಸ್ತೀರಿ ಗೌಡ್ರ?” ಎಂದು ಕಾಕಾ ಕೇಳಿದ.

“ಗಾಲಿ ನೋಡಂದ್ರ ನನ್ನ ಮನಿ ಪಂಚನಾಮಿ ಮಾಡತಿ ಏನು?”

ಕಾರಿನ ಕಿಡಕಿಯಿಂದ ಪಾರಕ್ಕನ ದನಿ ಬಂತು: “ಪತ್ರಾಸ್ ಶೆಡ್ಡಿನ್ಯಾಗ್ರಿ. ಎಡಗಡೆ ಪೊಟ್ಯಾಷ್ ಗೊಬ್ಬರದ ಚೀಲಾ ಒಟ್ಟ್ಯಾರ. ಮಳಿಗಾಲದಾಗ ಕೆಳಗಿನ ಚೀಲ ಒಡದು ನೀರ ಬಿಟ್ಟಾವ.”

“ನೀ ಸುಮ್ಕ ಕುಂಡ್ರು!” ಎಂದು ಗೌಡರು ಕಿಡಕಿಯ ಕಡೆ ಒದರಿದರು.

ಕಾಕಾ ಎದ್ದು ನಿಂತ. “ಪೊಟ್ಯಾಷ್ ಅಂದ್ರೂ ಒಂದ ನಮೂನಿ ಉಪ್ಪೇ ರೀ. ಮಳಿಗಾಲ ಪೂರ್ತಿ ಎಡಗಡೆ ಗಾಲಿ ಆ ಉಪ್ಪಿನ್ಯಾಗ ನಿಂತಾವ. ಕುಳಿ ಆವಾಗೇ ಬಿದ್ದಾವ, ತುಕ್ಕು ಮುಚ್ಚಿಕೊಂಡ ಕುಂತಿತ್ತು. ಹುಣಸಿಹಣ್ಣ ಹಚ್ಚಾಕ ಹೇಳಿದ್ದು ತಪ್ಪೇ, ಈ ಮಂಗ್ಯಾಂದ ನಾ ಬಿಡೂದಿಲ್ಲ. ಆದ್ರ ಅದು ತಗದದ್ದು ಕುಳಿ ಮ್ಯಾಲಿನ ಮುಚ್ಚಳಾ ಅಷ್ಟೇ.”

“ಸುಳ್ಳ! ನಿಮ್ಮ ತಪ್ಪ ಮುಚ್ಚಾಕ ನನ್ನ ಗೊಬ್ಬರಕ್ಕ ಹೆಸರ ಇಡತೀರೇನು? ಹುಣಸಿಹಣ್ಣೇ ತಿಂದೈತಿ. ಹೊಸಾ ಗಾಲಿ ಹಾಕಿಕೊಡು, ಇಲ್ಲಾ ಅಂಗಡಿ ಮುಚ್ಚು!”

ಕಾಕಾ ನನ್ನನ್ನು ನೋಡಿದ. ನಾನು ಬಾಗಿಲ ಕಡೆ ನೋಡಿದೆ. ಎದುರಿನ ಪಂಕ್ಚರ್ ಅಂಗಡಿಯವರು ಕೆಲಸ ಬಿಟ್ಟು ಕೈಕಟ್ಟಿ ನಿಂತಿದ್ದರು; ಸಂಜೆಯೊಳಗೆ ಗೌಡರ ಮಾತೇ ಊರ ಮಾತಾಗುತ್ತಿತ್ತು. ಈ ಕೆಲಸ ನನಗೆ ಏನಾದರೂ ಕಲಿಸಿದ್ದರೆ ಅದು ಅವತ್ತೇ: ಗಾಲಿ ಕೆಟ್ಟಿದೆ ಎಂದು ಯಾರೇ ಬಂದರೂ ಈಗ ನಾನು ಮೊದಲು ಕೇಳುವುದು ಕಾರು ಎಲ್ಲಿ ಓಡಿತು ಎಂದಲ್ಲ, ಎಲ್ಲಿ ನಿಂತಿತ್ತು ಎಂದು. ಕೇಳುವುದು ನನ್ನ ಸ್ವಂತ ದನಿಯಲ್ಲಿ.

ಗೌಡರು ಇನ್ನೊಮ್ಮೆ, “ಹುಣಸಿಹಣ್ಣೇ ತಿಂದೈತಿ” ಎಂದರು. ಕಾರಿನ ಬಾಗಿಲು ತೆರೆಯಿತು. ಪಾರಕ್ಕ ಇಳಿದು, ಸೆರಗು ಸರಿಮಾಡಿಕೊಂಡು, ಗಂಡನಿಗೂ ಎದುರಿನವರಿಗೂ ಕೇಳುವಂತೆ ಅಂದರು:

“ನಾಕೂ ಗಾಲಿ ಒಂದೇ ಕೈಲೆ ತಿಕ್ಕೇನ್ರಿ ನಾ. ನಿಮ್ಮ ಹುಣಸಿಹಣ್ಣು ಎಡಗಡೆ ಎರಡೂ ಗಾಲಿ ತಿಂದು, ಬಲಗಡೆ ಬಂದ ಕೂಡ್ಲೆ ಸೋಮವಾರ ಅಂತ ಉಪಾಸ ಹಿಡೀತೇನ್ರೀ?”