ಹಿತ್ತಲಲ್ಲಿ ಮೂಡುವ ಸಾಕಮ್ಮ

ಮಹಿಳಾ ಸಂಘಟನೆಯ ಸಾಕಮ್ಮ ಮುಂಬಾಗಿಲಿನಿಂದ ಬಂದದ್ದನ್ನು ಕಂಡ ಗಂಡಸು ಕೊಣನೂರಿನ ಆಸುಪಾಸಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಅವಳು ಹಿತ್ತಲಿನ ಹಂಡೆಯೊಲೆಯ ಹೊಗೆಯಲ್ಲಿ ಮೂಡಿ ಹೊಗೆಯಲ್ಲೇ ಕರಗುತ್ತಾಳೆಂದೂ, ಬೆಳಗಾಗುವುದರೊಳಗೆ ಆ ಮನೆಯ ಹೆಂಗಸು ಪಂಚಾಯ್ತಿ ಚುನಾವಣೆಗೆ ನಿಂತಿರುತ್ತಾಳೆಂದೂ ತೊಂಬತ್ಮೂರರಲ್ಲಿ ಊರೆಲ್ಲ ಗುಲ್ಲು. ಮೀಸಲು ಸೀಟಿಗೆ ಹೆಂಡತಿ ದೇವೀರಮ್ಮನನ್ನು ನಿಲ್ಲಿಸಿ, ಗೆದ್ದ ಮೇಲೆ ಕುರ್ಚಿಯಲ್ಲಿ ತಾನೇ ಕೂರಲು ಹೊಂಚಿದ್ದ ತಿಮ್ಮೇಗೌಡ ಹಿತ್ತಲ ಬೇಲಿಗೆ ಮುಳ್ಳು ಬಿಗಿಸಿದ. ಆದರೂ ಒಂದು ಮುಸ್ಸಂಜೆ ಎಂದೂ ಕೇಳದ ಹೆಣ್ಣುದನಿಯೊಂದು ಅಲ್ಲಿ ಒಗೆಯುವ ಕಲ್ಲಿಗೆ ಹೇಳುತ್ತಿತ್ತು: "ನಿಂತಿರೋಳೂ ನಾನೇ, ಕೂರೋಳೂ ನಾನೇ." ಗೌಡ ಲಾಟೀನು ಎತ್ತಿ ನೋಡಿದರೆ, ಮದುವೆಯಾದಾಗಿನಿಂದ ಪಿಸುಮಾತಿನಲ್ಲೇ ಬಾಳಿದ ದೇವೀರಮ್ಮ! ಪಕ್ಕದಲ್ಲಿ ಸಾಕಮ್ಮ. "ಮುಂದ್ಲ ಬಾಗ್ಲಲ್ಲಿ ಬರಕ್ಕೆ ನಿಂಗೇನಮ್ಮಿ ರೋಗ?" ಎಂದು ಗೌಡ ತೊದಲಿದ. "ಅಲ್ಲಿ ಅಕ್ಕನ್ನ ಕೇಳುದ್ರೆ ನೀವು ಉತ್ರ ಕೊಡ್ತೀರಲ್ಲ ಗೌಡ್ರೇ," ಎಂದಳು ಸಾಕಮ್ಮ.